ಎಳೆಯ ಮಕ್ಕಳಲ್ಲಿ ಆಹಾರದ ಅಲರ್ಜಿ: ಗ್ರಾಮ ಪಂಚಾಯತಿಯ ಹೊಣೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಶೇಂಗಾ ಈ ಭಾಗದ ಅಡುಗೆಮನೆಯ ನಿತ್ಯದ ಪದಾರ್ಥ. ಹಿಂಡಿ, ಹೋಳಿಗೆ, ಎಣ್ಣೆಗಾಯಿಯ ಮಸಾಲೆ ಎಲ್ಲದರಲ್ಲಿಯೂ ಅದುಂಟು. ಬಹುಪಾಲು ಮಕ್ಕಳಿಗೆ ಅದು ಪುಷ್ಟಿ. ಎಲ್ಲೋ ಕೆಲವು ಮಕ್ಕಳಿಗೆ ಅದೇ ಪ್ರಾಣಸಂಕಟ. ಹಾಲು, ಮೊಟ್ಟೆ, ಗೋಧಿ, ಎಳ್ಳುಗಳ ವಿಷಯವೂ ಹೀಗೆಯೇ.

ದೇಹದ ರೋಗನಿರೋಧಕ ವ್ಯವಸ್ಥೆಯು ಆಹಾರದ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗ್ರಹಿಸುವುದೇ ಅಲರ್ಜಿ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಮತ್ತು ಕಣ್ಣುಗಳ ಊತ, ವಾಂತಿ ಕಾಣಿಸುತ್ತವೆ. ಉಸಿರಾಟ ಕಷ್ಟವಾಗುವುದು, ಧ್ವನಿ ಬದಲಾಗುವುದು, ಮಗು ಬಿಳಚಿಕೊಂಡು ನಿಸ್ತೇಜವಾಗುವುದು ಅಪಾಯದ ಲಕ್ಷಣಗಳು. ಆಗ ದೃಷ್ಟಿ ತೆಗೆಯುತ್ತ ಕಾಲ ಕಳೆಯಲಾಗದು. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದಲ್ಲಿ ಕೂರಿಸಿ, ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಔಷಧ.

ಆದರೆ ಭಯದಿಂದ ಪೌಷ್ಟಿಕ ಆಹಾರ ಬಿಡಿಸುವುದೂ ಅಷ್ಟೇ ಹಾನಿಕರ. ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸುವುದೆಲ್ಲ ಅಲರ್ಜಿಯಲ್ಲ. ಹಾಲಿನ ಸಕ್ಕರೆ ಜೀರ್ಣವಾಗದಿದ್ದರೂ ಹಾಗಾಗುತ್ತದೆ. ನಿರ್ಣಯ ವೈದ್ಯರದಾಗಿರಲಿ. ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆದಂತೆ ವಾಸಿಯಾಗುವುದರಿಂದ ಮರುಪರೀಕ್ಷೆಯೂ ಅಗತ್ಯ.

ಮೊದಲ 6 ತಿಂಗಳು ಎದೆಹಾಲು ಮಾತ್ರ. ಅನಂತರ ಎದೆಹಾಲಿನೊಂದಿಗೆ ಪೂರಕ ಆಹಾರವಾಗಿ ಶೇಂಗಾ, ಮೊಟ್ಟೆಗಳನ್ನು ವರ್ಷಗಟ್ಟಲೆ ಮುಂದೂಡುವುದರಿಂದ ರಕ್ಷಣೆ ದೊರೆಯದು. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೈಶವದಲ್ಲಿಯೇ ಶೇಂಗಾ ಉಂಡವರಲ್ಲಿ ಅದರ ಅಲರ್ಜಿ ಬಹಳ ಕಡಿಮೆ ಕಂಡುಬಂದಿತು. ಇಡೀ ಕಾಳು ಗಂಟಲಿಗೆ ಸಿಲುಕೀತು. ನುಣ್ಣಗೆ ಅರೆದೇ ಕೊಡಬೇಕು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಶಿಶುವಿಗೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಗ್ರಾಮ ಪಂಚಾಯತಿಯು ಮಾಡಬಹುದಾದ ಕಾರ್ಯಗಳು:

1. ಅಂಗನವಾಡಿ ಹಾಗೂ ಶಾಲಾ ದಾಖಲಾತಿಯ ವೇಳೆ ಅಲರ್ಜಿಯ ಬಗ್ಗೆ ತಾಯಿಯನ್ನು ಕೇಳಿ ಬರೆದಿಡಿಸುವುದು, ಅಡುಗೆಯವರಿಗೆ ತಿಳಿಸುವುದು.

2. ಅಂತಹ ಮಗುವಿಗೆ ಪ್ರತ್ಯೇಕ ಸೌಟು, ಬದಲಿ ಆಹಾರ ಒದಗುವಂತೆ ಬಾಲವಿಕಾಸ ಸಮಿತಿ ಹಾಗೂ ಎಸ್‌ಡಿಎಂಸಿ ಸಭೆಯಲ್ಲಿ ತೀರ್ಮಾನಿಸುವುದು.

3. ಸಂದೇಹವಿರುವ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೆ ತೋರಿಸುವುದು.

4. ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಂದ ಅಪಾಯದ ಲಕ್ಷಣಗಳನ್ನು ತಿಳಿಯಪಡಿಸುವುದು.

ಒಂದು ಮಗುವಿಗೆ ಒಗ್ಗದ ಆಹಾರವನ್ನು ಊರಿನ ಎಲ್ಲ ಮಕ್ಕಳ ತಟ್ಟೆಯಿಂದ ತೆಗೆಯಬೇಕಿಲ್ಲ. ಆ ಒಂದು ಮಗುವೂ ಪಂಕ್ತಿಯಿಂದ ಹಸಿದು ಏಳದಂತೆ ನೋಡಿಕೊಂಡರೆ ಸಾಕು.