ಹಿರೇಹಳ್ಳದ ಕಾಯಕ
(ನವಲಿಯ ಭಕ್ತವೃಂದದ ಸಮ್ಮುಖದಲ್ಲಿ ನೀಡಿದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||



ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯು ಸರ್ವವಿದಿತವಾಗಿದೆ. ಆ ಕಾರ್ಯವು ನಡೆಯುತ್ತಿದ್ದಲ್ಲಿಗೆ ಅಲ್ಲಮಪ್ರಭುದೇವರು ಬಂದು, ಸಿದ್ಧರಾಮರನ್ನು ಬರಿಯ ಮಣ್ಣು ಅಗೆಯುವವನೆಂದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಉಂಟು. ಅಗೆತವು ಕೀಳೆಂಬುದು ಆ ಮಾತಿನ ತಾತ್ಪರ್ಯವಲ್ಲ. ‘ನಾನು ಮಾಡಿದೆ’ ಎಂಬ ಅಹಂಭಾವವನ್ನು ಅಗೆದು ಹೊರಗೆ ಹಾಕದಿದ್ದರೆ ಕೆರೆಯ ಹೂಳನ್ನು ತೆಗೆದೂ ಫಲವಿಲ್ಲವೆಂಬುದೇ ಅದರ ಸಾರವು. ಜಲಸೇವೆಗೆ ಕೈಹಾಕುವ ಮಠವೂ ಊರೂ ಸರಕಾರವೂ ಈ ಮಾತನ್ನು ಮನದಲ್ಲಿಟ್ಟುಕೊಳ್ಳತಕ್ಕದ್ದು.

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೊಪ್ಪಳ ಸೀಮೆಯ ಹಿರೇಹಳ್ಳವು ಕಿನ್ನಾಳದ ಸಮೀಪದ ಜಲಾಶಯದಿಂದ ಕೆಳಗೆ ಹರಿದು ತುಂಗಭದ್ರೆಯನ್ನು ಸೇರತಕ್ಕ ತೊರೆಯು. ಹೊಲಗಳ ಬಾವಿಗಳಿಗೆ ಜೀವವಾಗಿದ್ದ ಆ ಹಳ್ಳದಲ್ಲಿ ಕಾಲಕ್ರಮದಲ್ಲಿ ಹೂಳು ತುಂಬಿತು, ಕಸಕಡ್ಡಿ ಬಿದ್ದಿತು, ಬಳ್ಳಾರಿ ಜಾಲಿಯು ಪಾತ್ರವನ್ನೇ ಮುಚ್ಚಿತು. 2019ನೆಯ ಇಸವಿಯಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳವರು ಈ ಹಳ್ಳದ ಪುನಶ್ಚೇತನಕ್ಕೆ ಸಂಕಲ್ಪ ಮಾಡಿ, ಬಿರುಬೇಸಗೆಯಲ್ಲಿ ಸ್ವತಃ ಹಳ್ಳಕ್ಕೆ ಇಳಿದರು. ಗುರುಗಳೇ ಇಳಿದ ಮೇಲೆ ಶಿಷ್ಯರು ದಡದಲ್ಲಿ ನಿಲ್ಲುವುದೆಂತು? ಇದ್ದವರು ಧನವನ್ನು ಕೊಟ್ಟರು, ಯಂತ್ರವುಳ್ಳವರು ಯಂತ್ರವನ್ನು ತಂದರು, ಏನೂ ಇಲ್ಲದವರು ರಟ್ಟೆಯ ಬಲವನ್ನು ಅರ್ಪಿಸಿದರು. ಜಿಲ್ಲೆಯ ಅಧಿಕಾರಿಗಳು ಸಹಕಾರವನ್ನಿತ್ತರು. ಹೀಗೆ 20 ಕಿಲೋಮೀಟರಿಗೂ ಮಿಗಿಲಾದ ಹಳ್ಳದ ಪಾತ್ರವು ತೆರವಾಯಿತು. ಮುಂದೆ 2021ರಲ್ಲಿ ಗಿಣಿಗೇರಿಯ ಕೆರೆಗೂ ಇದೇ ಬಗೆಯ ಸೇವೆಯು ಸಂದಿತು.

ಆದರೆ ಹಳ್ಳವನ್ನು ಒಮ್ಮೆ ಶುದ್ಧಗೊಳಿಸುವುದು ಬೇರೆ, ಶುದ್ಧವಾಗಿ ಉಳಿಸುವುದು ಬೇರೆ. ಬಳ್ಳಾರಿ ಜಾಲಿಯನ್ನು ಬುಡದ ಮೇಲೆ ಕಡಿದರೆ ಅದು ಮತ್ತೆ ಚಿಗುರುವುದು. ಬೇರುಸಹಿತ ಕಿತ್ತರೂ ಹಿಂದೆ ಉದುರಿದ ಬೀಜವು ಮಳೆಗೆ ಮೊಳೆಯುವುದು. ಹೊಲದ ಬದುವು ಒಡೆದಿದ್ದರೆ ಮೇಲ್ಮಣ್ಣು ಪ್ರತಿ ಮಳೆಗಾಲವೂ ಹಳ್ಳಕ್ಕೆ ಇಳಿಯುವುದು. ಊರಿನ ಚರಂಡಿಯು ಹಳ್ಳಕ್ಕೆ ತೆರೆದಿದ್ದರೆ ಭಕ್ತರ ಬೆವರು ವ್ಯರ್ಥವಾಗುವುದು.

ಈ ಹೂಳಿನ ಪರಿಣಾಮವನ್ನು ನವಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1945ರಲ್ಲಿ ಅಂದಿನ ಮದರಾಸು ಪ್ರಾಂತವೂ ಹೈದರಾಬಾದ್ ಸಂಸ್ಥಾನವೂ ಕೂಡಿ ಆರಂಭಿಸಿದ ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, 2016ರ ಅಳತೆಯಂತೆ ಅದು 105.788 ಟಿ.ಎಂ.ಸಿ.ಗೆ ಇಳಿದಿತ್ತು. ಅಂದರೆ ಸುಮಾರು 27 ಟಿ.ಎಂ.ಸಿ. ನೀರಿನ ಎಡೆಯನ್ನು ಹೂಳು ಆಕ್ರಮಿಸಿತು. ಈ ನಷ್ಟವನ್ನು ತುಂಬಿಕೊಳ್ಳಲೆಂದೇ ನವಲಿಯ ಬಳಿ ಸಮಾನಾಂತರ ಜಲಾಶಯವನ್ನು ನಿರ್ಮಿಸುವ ಪ್ರಸ್ತಾಪವು ಹುಟ್ಟಿತು. ಅದಕ್ಕೆ ರೈತರ ಭೂಮಿ ಬೇಕು. ಕರ್ನಾಟಕ, ಆಂಧ್ರ, ತೆಲಂಗಾಣಗಳ ಒಮ್ಮತವೂ ಬೇಕು. ಒಂದು ಹಳ್ಳದ ಹೂಳು ಜಲಾಶಯದ ಹೂಳಿನ ಮುಂದೆ ಅಲ್ಪವೇ ಸರಿ; ಆದರೆ ನದಿಯ ಹೂಳೆಲ್ಲವೂ ಹಳ್ಳಕೊಳ್ಳಗಳಿಂದಲೂ ಹೊಲಗಾಡುಗಳಿಂದಲೂ ಬಂದುದೇ ಅಲ್ಲವೆ? ಮೇಲಣ ಊರು ಕಳೆದುಕೊಂಡ ಮಣ್ಣಿಗೆ ಕೆಳಗಣ ಊರು ತನ್ನ ನೆಲವನ್ನು ಬೆಲೆಯಾಗಿ ತೆರಬೇಕಾಗಿ ಬರುವುದು ಶೋಚನೀಯವಾದ ಸಂಗತಿಯು.

ಆದುದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಪಾಲನ್ನು ಅರಿತು ನಡೆಯತಕ್ಕದ್ದು. ಜನರನ್ನು ಕೂಡಿಸುವ ಶಕ್ತಿಯು ಮಠಕ್ಕೆ ಉಂಟು. ಆದರೆ ಹಳ್ಳದ ಎಲ್ಲೆಯನ್ನು ಅಳೆದು ಕಲ್ಲು ನೆಡುವ, ಒತ್ತುವರಿಯನ್ನು ತೆರವುಗೊಳಿಸುವ ಅಧಿಕಾರವು ಮಠಕ್ಕಿಲ್ಲ. ಅದು ಕಂದಾಯ ಇಲಾಖೆಯ ಧರ್ಮ. ಕೆರೆಗಳ ರಕ್ಷಣೆಗೆ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವು ಹುಟ್ಟಿದೆ. ಅದನ್ನು ಆಚರಣೆಗೆ ತರುವುದು ಅಧಿಕಾರಿಗಳ ಹೊಣೆ. ಚರಂಡಿಯ ನೀರನ್ನು ಶುದ್ಧಿಗೊಳಿಸದೆ ಹಳ್ಳಕ್ಕೆ ಬಿಡದಂತೆ ನೋಡಿಕೊಳ್ಳುವುದು ಪಂಚಾಯತಿಯ ಮತ್ತು ನಗರಸಭೆಯ ಕರ್ತವ್ಯ. ಬದುವನ್ನು ಕಟ್ಟಿ ಮಣ್ಣನ್ನು ಹೊಲದಲ್ಲಿಯೇ ನಿಲ್ಲಿಸುವುದು ರೈತನ ಕಾಯಕ. ಕಸವನ್ನು ಹಳ್ಳಕ್ಕೆ ಚೆಲ್ಲದಿರುವುದಂತೂ ಎಲ್ಲರ ನೇಮ. ಇವರಲ್ಲಿ ಒಬ್ಬರು ಕೈಬಿಟ್ಟರೂ ಉಳಿದವರ ಶ್ರಮವು ಹೂಳಿನೊಡನೆ ಹೂಳಾಗುವುದು.

ಜಾತ್ರೆಯ ತೇರನ್ನು ಎಳೆಯುವಾಗ ಹಗ್ಗಕ್ಕೆ ಸಾವಿರ ಕೈಗಳು ಕೂಡುತ್ತವೆ. ತೇರು ನೆಲೆಗೆ ಬಂದ ಮೇಲೆ ಹಗ್ಗವನ್ನು ಸುತ್ತಿಟ್ಟು ಜನರು ಮನೆಗೆ ತೆರಳುತ್ತಾರೆ. ಹಳ್ಳದ ತೇರಿಗೆ ಅಂಥ ನೆಲೆಯಿಲ್ಲ. ಅದನ್ನು ವರ್ಷವರ್ಷವೂ ಎಳೆಯುತ್ತಲೇ ಇರಬೇಕು. ಪ್ರತಿ ಬೇಸಗೆಯಲ್ಲಿಯೂ, ಮುಂಗಾರಿಗೆ ಮೊದಲು, ದಡದ ಒಂದೊಂದು ಊರು ತನ್ನ ಎಲ್ಲೆಯೊಳಗಿನ ಹಳ್ಳವನ್ನು ನೋಡಿ, ಚಿಗುರಿದ ಜಾಲಿಯನ್ನು ಬೇರುಸಹಿತ ಕಿತ್ತು, ತನ್ನಿಂದಾಗದುದನ್ನು ಅಧಿಕಾರಿಗಳಿಗೆ ಬರೆದು ತಿಳಿಸಲಿ. ಅಧಿಕಾರಿಗಳು ಅದನ್ನು ನೆರವೇರಿಸಲಿ. ಆಗ ಜಲಸೇವೆಯು ಒಂದು ವರುಷದ ಉತ್ಸಾಹವಾಗಿ ಮುಗಿಯದೆ ಊರಿನ ನಿತ್ಯದಾಸೋಹವಾಗುವುದು.

ಶ್ರೀಗುರುವಿನ ಕರುಣೆಯಿಂದ ನಾಡಿನ ಹಳ್ಳಕೊಳ್ಳಗಳು ತುಂಬಿ ಹರಿಯಲಿ, ಹೊಲಗಳು ಹಸಿರಾಗಲಿ, ಭಕ್ತಕೋಟಿಗೆ ಸನ್ಮಂಗಲವಾಗಲಿ.

ಇತಿ ಶಿವಂ.