ಬೆಳಕಿಗೆ ಊರು ಕೇಳಿ: ಕಂಪ್ಯೂಟರ್ ಕೋಣೆಯಲ್ಲಿ ಕ್ಯಾಮೆರಾ ಫ್ಲ್ಯಾಶ್



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಸಂಸ್ಕೃತಿಯೋ ಆಗಿರುವುದು ವಾಡಿಕೆ. ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆಗೆ ಕ್ಯಾಮೆರಾ ಫ್ಲ್ಯಾಶ್‌ನ ಬೆಳಕು ಕೊಡುವುದು ಹೇಗೆ ಎಂಬ ವಿಷಯಕ್ಕೆ ನಮ್ಮ ಕನ್ನಡ ಸಂಘ ಒಪ್ಪಿದ್ದು ಅದರ ದೊಡ್ಡ ಮನಸ್ಸು. ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ನವಿಮುಂಬಯಿಯ ಖಾರ್‌ಘರ್‌ವರೆಗೆ ಎಷ್ಟೋ ಮನೆಗಳು ಪಾಯ ತೋಡುವ ಮೊದಲೇ ಇಂಥ ಚಿತ್ರಗಳಲ್ಲಿ ಸಿದ್ಧವಾಗಿರುತ್ತವೆ. ಅವನ್ನು ಮಾಡುವ ಸ್ಟುಡಿಯೊಗಳಲ್ಲಿ ನಮ್ಮ ಮಕ್ಕಳಿದ್ದಾರೆ. ಅವನ್ನು ನೋಡಿ ಟೋಕನ್ ಕೊಡುವವರು ನಾವು. ಆದ್ದರಿಂದ ಚಿತ್ರದಲ್ಲಿ ಕಾಣುವ ಪ್ರತಿ ಬೆಳಕಿಗೂ 'ನಿನ್ನ ಊರು ಯಾವುದು, ಎಲ್ಲಿಂದ ಬಂದೆ' ಎಂದು ಕೇಳಬೇಕು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಇಬ್ಬರು ಪೂರ್ವಿಕರು

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಬಂದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ. 1959ರ 'ಕಾಗಜ್ ಕೆ ಫೂಲ್' ಚಿತ್ರದ ಸ್ಟುಡಿಯೊ ದೃಶ್ಯದಲ್ಲಿ ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕಂಬವನ್ನು ಅವರು ದೀಪಗಳಿಂದ ತರಲಿಲ್ಲ. ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಒಳಗೆ ತಿರುಗಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ಫ್ಲ್ಯಾಶ್‌ನ ಕಥೆ ಇದಕ್ಕಿಂತ ಹಳೆಯದು. 1887ರಲ್ಲಿ ಜರ್ಮನಿಯಲ್ಲಿ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿಯನ್ನು ತಯಾರಿಸಿದರು. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಆ ಪುಡಿ ಹಿಡಿದು ಬಡವರ ಕತ್ತಲೆ ಖೋಲಿಗಳಿಗೆ ನುಗ್ಗಿದ. ಅಲ್ಲಿ ಜನ ಹೇಗೆ ಕಿಕ್ಕಿರಿದು ಮಲಗುತ್ತಾರೆಂಬುದನ್ನು 1890ರ ಪುಸ್ತಕದಲ್ಲಿ ಊರಿಗೆಲ್ಲ ತೋರಿಸಿದ. ಅಂದಿನಿಂದ ಫ್ಲ್ಯಾಶ್‌ನ ಒರಟು ಬೆಳಕೆಂದರೆ 'ಯಾರೋ ಅಲ್ಲಿಗೆ ಹೋಗಿ ಕಣ್ಣಾರೆ ಕಂಡಿದ್ದಾರೆ' ಎಂಬ ನಂಬಿಕೆ. ಇಂದು ಆ ನಂಬಿಕೆಯನ್ನೇ ಕಂಪ್ಯೂಟರಿನಲ್ಲಿ ತಯಾರಿಸಬಹುದು.

ತಯಾರಿಸುವ ಬಗೆ

10 ಅಡಿ ಅಗಲ, 15 ಅಡಿ ಉದ್ದದ ಒಂದು ಹಾಲ್ ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತು ಫ್ಲ್ಯಾಶ್ ಹೊಡೆದಿರಿ. ಸೋಫಾ 5 ಅಡಿ ದೂರ, ಎದುರು ಗೋಡೆ 15 ಅಡಿ ದೂರ. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸೋಫಾ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ, ಗೋಡೆ ಮಂಕಾಗಿರುತ್ತದೆ. ಹೊಸಬರು ಎಡವುವುದು ಇಲ್ಲೇ: ಗೋಡೆ ಕಪ್ಪಾಯಿತೆಂದು ಮೂಲೆಯಲ್ಲೊಂದು ಗುಪ್ತ ದೀಪ ಇಟ್ಟುಬಿಡುತ್ತಾರೆ. ಫ್ಲ್ಯಾಶ್ ಅಲ್ಲಿಗೆ ಸತ್ತಿತು.

ನಿಜ ಕೋಣೆಯಲ್ಲಿ ಗೋಡೆ ಲೆಕ್ಕದಷ್ಟು ಕಪ್ಪಾಗುವುದಿಲ್ಲ, ಏಕೆಂದರೆ ಬಿಳಿ ಪಿಒಪಿ ಸೀಲಿಂಗ್, ಪಕ್ಕದ ಗೋಡೆ, ಹೊಳಪಿನ ಟೈಲ್ಸ್ ಎಲ್ಲವೂ ಬೆಳಕನ್ನು ಒಂದಕ್ಕೊಂದು ಎಸೆಯುತ್ತಿರುತ್ತವೆ. ಈ ಕೊಡುಕೊಳ್ಳುವಿಕೆಯ ಲೆಕ್ಕಕ್ಕೆ 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ದಾರಿ ಹಾಕಿದರು. 1986ರಲ್ಲಿ ಜೇಮ್ಸ್ ಕಜಿಯಾ ಅದನ್ನೆಲ್ಲ ಒಂದೇ ಸಮೀಕರಣಕ್ಕೆ ತಂದರು. ಇಂದು ಇಂಥ ಚಿತ್ರ ಕಟ್ಟುವ ತಂತ್ರಾಂಶಗಳಾದ ವಿ-ರೇ, ಕೊರೋನಾ, ಬ್ಲೆಂಡರ್‌ಗಳ ಬೆನ್ನೆಲುಬು ಆ ಸಮೀಕರಣವೇ. ಆದ್ದರಿಂದ ಗುಪ್ತ ದೀಪ ಬೇಡ. ಗೋಡೆಗೆ ಸರಿಯಾದ ಬಣ್ಣ ಕೊಟ್ಟರೆ ಸಾಕು.

ದೀಪದ ಗಾತ್ರವೂ ಮುಖ್ಯ. ಕ್ಯಾಮೆರಾದ ಮೇಲೆ ಸಿಕ್ಕಿಸುವ ಫ್ಲ್ಯಾಶ್‌ನ ಮುಖ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅಷ್ಟೇ ಅಳತೆಯ ಆಯತದ ದೀಪವನ್ನು ಲೆನ್ಸಿಗಿಂತ ಒಂದು ಗೇಣು ಮೇಲೆ ಇಡಿ. ಕುರ್ಚಿಕಾಲಿನ ನೆರಳು ಗೋಡೆಗೆ ಗೀಚಿದಂತೆ ಚೂಪಾಗಿ ಬೀಳುತ್ತದೆ. ಅದನ್ನು ಸೀಲಿಂಗ್ ಕಡೆ ತಿರುಗಿಸಿದರೆ ಅಲ್ಲಿನ ಅಗಲವಾದ ಬಿಳಿ ಮಚ್ಚೆಯೇ ದೀಪವಾಗಿ ನೆರಳು ಮೆತ್ತಗಾಗುತ್ತದೆ. ಫ್ಲ್ಯಾಶ್‌ನ ಬಣ್ಣವನ್ನೂ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನೂ 5500 ಕೆಲ್ವಿನ್‌ಗೆ ಹಿಡಿದರೆ, 3000 ಕೆಲ್ವಿನ್ನಿನ ಎಲ್‌ಇಡಿ ಪಟ್ಟಿ ತಾನಾಗಿ ಕಿತ್ತಳೆಗೆ ತಿರುಗುತ್ತದೆ. ಹಾಗೆಯೇ ಬಿಡಿ, ಕ್ಯಾಮೆರಾ ಕಾಣುವುದೂ ಹಾಗೆಯೇ.

ಕಷ್ಟವಿರುವುದು ಕಾಲದ ಲೆಕ್ಕದಲ್ಲಿ. ನಿಜವಾದ ಫ್ಲ್ಯಾಶ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಶಟರ್ 1/60 ಸೆಕೆಂಡ್ ಇದ್ದದ್ದನ್ನು 1/125 ಮಾಡಿದರೆ ಕೋಣೆಯ ದೀಪಗಳ ಬೆಳಕು ಅರ್ಧವಾಗುತ್ತದೆ, ಫ್ಲ್ಯಾಶ್ ಇದ್ದಷ್ಟೇ ಇರುತ್ತದೆ. ಕಂಪ್ಯೂಟರಿನ ದೀಪ ಹಾಗಲ್ಲ; ಅದು ಸದಾ ಉರಿಯುತ್ತಿರುತ್ತದೆ. ಅಲ್ಲಿ ಶಟರ್ ಕಡಿಮೆ ಮಾಡಿದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ. ಹಾಗಾಗಿ ಫ್ಲ್ಯಾಶನ್ನೂ ಕೋಣೆಯ ದೀಪಗಳನ್ನೂ ಕಿಟಕಿಯ ಬೆಳಕನ್ನೂ ಬೇರೆ ಬೇರೆ ಪದರಗಳಾಗಿ ತೆಗೆದು ಆಮೇಲೆ ಬೆರೆಸಬೇಕು. ವಿ-ರೇ, ಕೊರೋನಾಗಳಲ್ಲಿ ಲೈಟ್ ಮಿಕ್ಸ್, ಬ್ಲೆಂಡರ್‌ನಲ್ಲಿ ಲೈಟ್ ಗ್ರೂಪ್ ಇರುವುದು ಇಂಥದ್ದಕ್ಕೇ. ಬ್ಲೆಂಡರ್ ಉಚಿತ. ಕಲಿಯುವ ಹುಡುಗರು ಇವತ್ತು ರಾತ್ರಿಯೇ ಶುರುಮಾಡಬಹುದು.

ಕೊಳ್ಳುವವರ ಕಣ್ಣು

ಪ್ರಾಮಾಣಿಕವಾಗಿ ಲೆಕ್ಕ ಹಾಕಿದ ಫ್ಲ್ಯಾಶ್ ಕೋಣೆಯ ಆಳವನ್ನು ಬಾಯಿಬಿಡುತ್ತದೆ. ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಬೆಳಕಿನ ಅಂತರವೇ ಒಂದು ಅಳತೆಪಟ್ಟಿ. ಅಗಲ ಲೆನ್ಸಿನಿಂದ ಹಾಲನ್ನು ಹಿಗ್ಗಿಸಿ, ಮೂಲೆ ಮೂಲೆಗೂ ಒಂದೇ ಸಮ ಬೆಳಕು ಸುರಿದ ಚಿತ್ರ ಆ ಪಟ್ಟಿಯನ್ನು ಮುರಿದಿರುತ್ತದೆ. ಎದುರು ಟವರ್ ಅಡ್ಡ ಬರುವ ಎರಡನೇ ಮಹಡಿಯ ಫ್ಲ್ಯಾಟಿನಲ್ಲೂ ಹಿತವಾದ ಬಿಸಿಲು ಬಿದ್ದಿದ್ದರೆ, ಆ ಸೂರ್ಯ ಯಾವ ದಿಕ್ಕಿನವನೆಂದು ಕೇಳಿ. ಗೋಡೆಯ ಕನ್ನಡಿಯನ್ನೂ ನೋಡಿ: ಕ್ಯಾಮೆರಾಕ್ಕೆ ನೇರ ಎದುರಿರುವ ಕನ್ನಡಿಯಲ್ಲಿ ಫ್ಲ್ಯಾಶ್‌ನ ಚುಕ್ಕೆಯಿದ್ದು ಹಿಡಿದ ಮನುಷ್ಯ ಇಲ್ಲವಾದರೆ, ಅದು ಕಂಪ್ಯೂಟರಿನ ಕೆಲಸವೆಂದು ಅನುಮಾನಿಸಬಹುದು.

ಕಾನೂನೂ ನಮ್ಮ ಕಡೆಗಿದೆ. ಮನೆ ಕೊಳ್ಳುವವರ ರಕ್ಷಣೆಗಿರುವ 2016ರ ರೇರಾ ಕಾಯ್ದೆಯ 12ನೇ ಕಲಮಿನ ಪ್ರಕಾರ ಜಾಹೀರಾತು, ಬ್ರೋಷರ್ ಅಥವಾ ಮಾದರಿ ಮನೆಯ ತಪ್ಪು ಮಾಹಿತಿಯನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯುವುದಾದರೆ ಬಡ್ಡಿ ಸಹಿತ ಹಣ ವಾಪಸು ಮಾಡಬೇಕು. ಅದೇ ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗದಲ್ಲಿ, ಬಾಲ್ಕನಿ ಸೇರುವುದಿಲ್ಲ. ಬಾಲ್ಕನಿಯನ್ನು ಹಾಲಿಗೆ ಸೇರಿಸಿ, ಒಂದೇ ಬೆಳಕಿನಲ್ಲಿ ಅದ್ದಿ ತೋರಿಸಿದ ಚಿತ್ರಗಳು ಧಾರಾಳವಾಗಿ ಸಿಗುತ್ತವೆ. ಚಿತ್ರ ನೋಡಿ ಸಂತೋಷಪಡಿ. ಸಹಿ ಹಾಕುವ ಮೊದಲು ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾದ ವೆಬ್‌ಸೈಟಿನಲ್ಲಿ ನಕ್ಷೆ ತೆರೆದು ಅಡಿ ಲೆಕ್ಕ ಹಾಕಿ.

ಸ್ಟುಡಿಯೊಗಳಲ್ಲಿ ದುಡಿಯುವ ತಮ್ಮ ತಂಗಿಯರಿಗೆ ಎರಡು ಮಾತು. ಫ್ಲ್ಯಾಶ್‌ನ ನಕಲು ಚೆನ್ನಾಗಿ ಬಂದಷ್ಟೂ ನೋಡುವವರು ಅದನ್ನು ಫೋಟೊ ಎಂದೇ ನಂಬುತ್ತಾರೆ. ನಿಮ್ಮ ಹೊಣೆ ಅಷ್ಟೂ ಹೆಚ್ಚುತ್ತದೆ. 'ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರ' ಎಂಬ ಸಾಲನ್ನು ಹಿರಿಯರು ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಚಿತ್ರದ ಮೇಲೆಯೇ ಹಾಕಿ. ಗಿರಾಕಿ ಬೇಡವೆಂದರೆ ಒಮ್ಮೆ ವಾದಿಸಿ ನೋಡಿ. ನಿಮ್ಮ ಚಿತ್ರ ನೋಡಿ ಜೀವಮಾನದ ಉಳಿತಾಯ ಹಾಕುವವರು ನಿಮ್ಮ ಅಪ್ಪ ಅಮ್ಮನ ವಯಸ್ಸಿನವರು ಎಂಬುದನ್ನು ಮರೆಯಬೇಡಿ.