ಎರಡು ಬಡಿತಗಳ ನಡುವೆ

ಮಕ್ಕಳೇ, ಸತ್ತೇಗಾಲದ ಗದ್ದೆಗಳಲ್ಲಿ ಬೆನ್ನಿಗೆ ಕ್ಯಾನು ಹೊತ್ತು ಔಷಧಿ ಹೊಡೆಯುವವರನ್ನು ನೀವು ನೋಡಿರುತ್ತೀರಿ. ಮುಂದಿನ ಸಲ ದೂರದಲ್ಲೇ ನಿಂತು ಗಮನಿಸಿ. ಹತ್ತಿರ ಹೋಗಬೇಡಿ, ಅದು ವಿಷ. ಕೈ ಹಿಡಿಯನ್ನು ಬಿಟ್ಟು ಬಿಟ್ಟು ಒತ್ತುತ್ತದೆ. ಔಷಧಿ ಮಾತ್ರ ಒಂದೇ ಸಮನೆ ಮಂಜಿನಂತೆ ಬರುತ್ತಿರುತ್ತದೆ. ಗುಟ್ಟು ಇರುವುದು ಒಳಗಿನ ಪುಟ್ಟ ಗಾಳಿಗೂಡಿನಲ್ಲಿ. ಹಿಡಿ ಒತ್ತಿದಾಗ ನುಗ್ಗಿದ ನೀರು ಅಲ್ಲಿನ ಗಾಳಿಯನ್ನು ಕುಗ್ಗಿಸುತ್ತದೆ. ಕೈ ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಅದೇ ಗಾಳಿ ಹಿಗ್ಗಿ ನೀರನ್ನು ಮುಂದೆ ತಳ್ಳುತ್ತದೆ.

ಹಿಂದಿನ ಕಾಲದ ಬೆಂಕಿ ಆರಿಸುವ ಪಂಪಿನಲ್ಲೂ ಇಂಥದ್ದೇ ಗೂಡಿತ್ತು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಅದನ್ನು ನಮ್ಮ ದೊಡ್ಡ ರಕ್ತನಾಳಕ್ಕೆ ಹೋಲಿಸಿ 1733ರಲ್ಲಿ ಬರೆದರು. ಎಷ್ಟು ಸರಿಯಾದ ಹೋಲಿಕೆ!

ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಮಹಾಧಮನಿ ಎಂಬ ಆ ದೊಡ್ಡ ನಾಳಕ್ಕೆ ನೂಕುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೂಡಲೇ ಮುಂದೆ ಹೋಗುವುದಿಲ್ಲ. ನಾಳ ಹಿಗ್ಗಿ ಅದನ್ನು ಇಟ್ಟುಕೊಳ್ಳುತ್ತದೆ. ಹೃದಯ ವಿರಮಿಸುವಾಗ ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ಎರಡು ಬಡಿತಗಳ ನಡುವೆಯೂ ಮಿದುಳಿಗೆ, ಮೂತ್ರಪಿಂಡಕ್ಕೆ, ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಹರಿಯುತ್ತಲೇ ಇರುತ್ತದೆ.

ಹೀಗೆ ಹಿಗ್ಗಿ ಕುಗ್ಗುವ ಗುಣ ಬರುವುದು ಇಲಾಸ್ಟಿನ್ ಎಂಬ ಎಳೆಗಳಿಂದ. ಇವುಗಳನ್ನು ದೇಹ ನೇಯುವುದು ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಮತ್ತು ಎಳೆ ವಯಸ್ಸಿನಲ್ಲಿ. ಆಮೇಲೆ ಹೊಸದು ಹುಟ್ಟುವುದು ತೀರಾ ಕಡಿಮೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಎಳೆದು ಬಿಟ್ಟರೆ ಯಾವ ರಬ್ಬರ್ ತಾನೇ ಸವೆಯದೆ ಇರುತ್ತದೆ? ವಯಸ್ಸಾದಂತೆ ಈ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಆಗ ಭಾರವೆಲ್ಲ ಕೊಲ್ಯಾಜನ್ ಎಂಬ ಗಟ್ಟಿ ಎಳೆಗಳ ಮೇಲೆ ಬೀಳುತ್ತದೆ. ಅವು ಹಗ್ಗದಂತೆ, ಅಷ್ಟಾಗಿ ಹಿಗ್ಗುವುದಿಲ್ಲ.

ಬಿಪಿ ಹೆಚ್ಚಿದ್ದರೆ ಪ್ರತಿ ಬಡಿತಕ್ಕೂ ನಾಳವನ್ನು ಇನ್ನಷ್ಟು ಜಗ್ಗಿದಂತೆ. ಸವೆತ ಬೇಗ ಬರುತ್ತದೆ. ಬೀಡಿ ಹೊಗೆ ನಾಳದ ಒಳಪದರವನ್ನೇ ಕೆಡಿಸುತ್ತದೆ. ಸಕ್ಕರೆ ಕಾಯಿಲೆ ಮಾಡುವ ಕೆಲಸ ಅರ್ಥವಾಗಬೇಕಾದರೆ ಕೊಳ್ಳೇಗಾಲದ ಕಡೆಯ ರೇಷ್ಮೆಗೂಡೊಂದನ್ನು ಬೆರಳಲ್ಲಿ ಒತ್ತಿ ನೋಡಿ. ಎಳೆ ಅಷ್ಟು ನುಣುಪು, ಗೂಡು ಮಾತ್ರ ಗಡುಸು. ಏಕೆಂದರೆ ಹುಳು ಎಳೆಗಳನ್ನು ಅಂಟಿನಿಂದ ಒಂದಕ್ಕೊಂದು ಕಚ್ಚಿಸಿರುತ್ತದೆ. ರಕ್ತದಲ್ಲಿ ಹೆಚ್ಚಾದ ಸಕ್ಕರೆಯೂ ವರ್ಷಗಟ್ಟಲೆ ನಾಳದ ಎಳೆಗಳನ್ನು ಹೀಗೆಯೇ ಅಂಟಿಸುತ್ತಾ ಹೋಗುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಬಹುದು. ನಾಳಕ್ಕೆ ಅಂಥ ಬಿಸಿನೀರಿಲ್ಲ.

ನಾಳ ಗಡುಸಾದರೆ ಬಡಿತದ ಅಲೆ ಅದರಲ್ಲಿ ಬೇಗ ಓಡುತ್ತದೆ. ಎಳೆಯರಲ್ಲಿ ಸೆಕೆಂಡಿಗೆ 5-6 ಮೀಟರ್ ಇರುವ ವೇಗ ಗಡುಸಾದ ನಾಳದಲ್ಲಿ 10 ಮೀಟರ್ ದಾಟುತ್ತದೆ. ತಾತನ ಬಿಪಿ ಚೀಟಿಯಲ್ಲಿ ಮೇಲಿನ ಅಂಕಿ ಏರಿ, ಕೆಳಗಿನದು ಇಳಿದಿರುವುದನ್ನು ಕಂಡಿದ್ದೀರಾ? ಬಡಿದಾಗ ಹಿಗ್ಗಲು ಜಾಗವಿಲ್ಲ, ಅದಕ್ಕೆ ಮೇಲಿನದು ಏರುತ್ತದೆ. ವಿರಾಮದಲ್ಲಿ ತಳ್ಳಲು ಕೂಡಿಟ್ಟ ರಕ್ತವಿಲ್ಲ, ಅದಕ್ಕೆ ಕೆಳಗಿನದು ಇಳಿಯುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಆ ವಿರಾಮದಲ್ಲೇ. ಕೆಲಸ ಹೆಚ್ಚಿತು, ಊಟ ಕಡಿಮೆಯಾಯಿತು.

ಈ ಗಡುಸುತನವನ್ನು ನಮ್ಮ ಮೈಸೂರಿನಲ್ಲೂ ಅಳೆದಿದ್ದಾರೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹುಟ್ಟಿದ ಕೂಸುಗಳ ತೂಕವನ್ನು ಜೋಪಾನವಾಗಿ ಬರೆದಿಟ್ಟಿತ್ತು. 1934ರಿಂದ ಮುಂದೆ ಅಲ್ಲಿ ಹುಟ್ಟಿದವರನ್ನು ವಿಜ್ಞಾನಿಗಳು ಹುಡುಕಿಕೊಂಡು ಹೋದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ತಿಳಿಯಿತು. ಹಾಗಾದರೆ ಅವರ ನಾಳವೂ ಗಡುಸಾಗಿರಬೇಕಲ್ಲ? ನಾನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಫಲಿತಾಂಶ 2000ದಲ್ಲಿ ಹೊರಬಂತು: ಇಲ್ಲ, ಸಣ್ಣಗೆ ಹುಟ್ಟಿದ್ದಕ್ಕೂ ನಾಳದ ಗಡುಸುತನಕ್ಕೂ ಅವರಲ್ಲಿ ನಂಟು ಕಾಣಲಿಲ್ಲ.